ತರಬೇತಿ ಮುಗಿಯಿತು, ಕಲಿತದ್ದು ಎಲ್ಲಿ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದನ್ನೇ ಕೇಳುತ್ತವೆ: ಕಂಪ್ಯೂಟರ್ ಅಥವಾ ಮೊಬೈಲ್ ಮುಂದೆ ಕೂತು ಕಲಿತದ್ದು ತಲೆಯಲ್ಲಿ ಉಳಿಯಬೇಕಾದರೆ ಏನು ಮಾಡಬೇಕು? ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ಕಂಪನಿಯ ತರಬೇತಿಯೆಲ್ಲ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಸ್ಲೈಡ್‌ಗಳನ್ನು ಗಮನವಿಟ್ಟು ನೋಡುತ್ತೇನೆ. ಕೊನೆಯ ಕ್ವಿಜ್‌ನಲ್ಲಿ ನೂರಕ್ಕೆ ತೊಂಬತ್ತು ಬರುತ್ತದೆ, ಸರ್ಟಿಫಿಕೇಟೂ ಸಿಗುತ್ತದೆ. ಎರಡು ತಿಂಗಳಾದ ಮೇಲೆ ಯಾರಾದರೂ ಕೇಳಿದರೆ ಏನೂ ಹೊಳೆಯುವುದಿಲ್ಲ. ನನ್ನ ನೆನಪಿನ ಶಕ್ತಿಯೇ ಕಡಿಮೆಯಾ?

ಉತ್ತರ: ಖಂಡಿತ ಅಲ್ಲ. ನಿಮ್ಮ ತಲೆ ಸರಿಯಾಗಿಯೇ ಇದೆ. ತಪ್ಪಿರುವುದು ಆ ಕ್ವಿಜ್ ಬರುವ ಹೊತ್ತು.

ಐದು ನಿಮಿಷದ ಹಿಂದೆ ನೋಡಿದ್ದನ್ನು ಈಗ ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಅದರಿಂದ ನಿಮಗೆ ಪಾಠ ಅರ್ಥವಾಯಿತು ಅಂತ ಗೊತ್ತಾಗುತ್ತದೆ, ಅಷ್ಟೇ. ಉಳಿಯುತ್ತದೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಸ್ವಲ್ಪ ಕಾಲ ಬಿಟ್ಟು ಅದನ್ನೇ ಮತ್ತೆ ಕಲಿಯುವುದು, ಎರಡನೇ ಸಲ ಮೊದಲಿಗಿಂತ ಎಷ್ಟು ಶ್ರಮ ಉಳಿತಾಯವಾಯಿತು ಅಂತ ಅಳೆಯುವುದು. ಇಪ್ಪತ್ತು ನಿಮಿಷ ಬಿಟ್ಟು ಕಲಿತಾಗ ಸುಮಾರು ಶೇ 58ರಷ್ಟು ಶ್ರಮ ಉಳಿತಾಯವಾಯಿತು. ಒಂದು ದಿನ ಬಿಟ್ಟಾಗ ಶೇ 34. ಒಂದು ತಿಂಗಳು ಬಿಟ್ಟಾಗ ಶೇ 21. ಅಂದರೆ ಮರೆವಿನ ದೊಡ್ಡ ಪಾಲು ಮೊದಲ ದಿನವೇ ಆಗಿಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಅರ್ಥವಿರುವ ಪಾಠ ಇಷ್ಟು ಬೇಗ ಜಾರುವುದಿಲ್ಲ, ನಿಜ. ಆದರೆ ಜಾರುವ ರೀತಿ ಅದೇ.

ಇದಕ್ಕೆ ಮದ್ದು ಸ್ಲೈಡ್‌ಗಳನ್ನು ಮತ್ತೆ ಓದುವುದು ಅಂತ ಅನ್ನಿಸಬಹುದು. ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಓದಿಸಿದರು. ಕೆಲವು ಭಾಗಗಳನ್ನು ಎರಡನೇ ಸಲ ಓದಿಸಿದರು. ಇನ್ನು ಕೆಲವನ್ನು ಓದಿಸುವ ಬದಲು, ನೋಡದೆ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಚೆನ್ನಾಗಿ ನೆನಪಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿಬಿತ್ತು: ಮತ್ತೆ ಓದಿದ್ದರಲ್ಲಿ ಶೇ 42 ಉಳಿದಿತ್ತು, ನೆನಪಿಸಿಕೊಂಡು ಬರೆದದ್ದರಲ್ಲಿ ಶೇ 56. ಓದುವಾಗ ‘ಇದು ಗೊತ್ತಿದೆ’ ಅನ್ನಿಸುವುದೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮುಖ ಪರಿಚಯ ಇದ್ದ ಮಾತ್ರಕ್ಕೆ ಹೆಸರು ಬಾಯಿಗೆ ಬರುವುದಿಲ್ಲ, ಅಲ್ವಾ? ಹಾಗೇ ಇದು.

ಹಾಗಾಗಿ ಮುಂದಿನ ತರಬೇತಿ ಮುಗಿದ ಕೂಡಲೇ ಪರದೆ ಮುಚ್ಚಿ. ಒಂದು ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಆಮೇಲೆ ಸ್ಲೈಡ್ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಮಾರನೇ ದಿನ, ಒಂದು ವಾರದ ನಂತರ, ಒಂದು ತಿಂಗಳ ನಂತರ ಇದನ್ನೇ ಮಾಡಿ. ಪ್ರತಿ ಸಲ ಹೊಸ ಹಾಳೆ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಟಿಕ್ ಹಾಕುವ ಕ್ವಿಜ್‌ಗಿಂತ ಇದು ಕಷ್ಟ. ಅಲ್ಲಿ ಉತ್ತರ ಕಣ್ಣ ಮುಂದೆ ಇರುತ್ತದೆ, ಗುರುತು ಹಿಡಿದರೆ ಸಾಕು. ಇಲ್ಲಿ ಒಳಗಿನಿಂದ ಎಳೆದು ತರಬೇಕು. ಎಳೆಯುವ ಆ ಶ್ರಮದಿಂದಲೇ ನೆನಪು ಗಟ್ಟಿಯಾಗುತ್ತದೆ.

ನಿಮ್ಮಲ್ಲಿ ತರಬೇತಿ ರೂಪಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕಳಕಳಿಯ ವಿನಂತಿ. ಕೊನೆಯಲ್ಲಿ ಕೇಳುವ ಇಪ್ಪತ್ತು ಪ್ರಶ್ನೆಗಳನ್ನು ಒಂದೇ ದಿನ ಕೇಳಬೇಡಿ. ಐದನ್ನು ಆ ದಿನ ಕೇಳಿ. ಉಳಿದದ್ದನ್ನು ಮುಂದಿನ ಎರಡು ತಿಂಗಳಲ್ಲಿ ಐದೈದಾಗಿ ಮೊಬೈಲ್‌ಗೆ ಕಳಿಸಿ. ಹೊಸ ಖರ್ಚು ಹೆಚ್ಚೇನೂ ಇಲ್ಲ. ಕಲಿತವರ ಮಟ್ಟಿಗೆ ಮಾತ್ರ ಫಲ ಬಹಳ ದೊಡ್ಡದು.

ಪ್ರಶ್ನೆ: ಫ್ಲ್ಯಾಶ್‌ಕಾರ್ಡ್ ಆ್ಯಪ್ ಬಳಸಿ ಅಂಗರಚನೆಯ ಪಾಠ ಓದುತ್ತಿದ್ದೇನೆ. ಮೊದಲ ವಾರ ಖುಷಿಯಾಗಿತ್ತು. ಈಗ ದಿನಕ್ಕೆ ಮುನ್ನೂರು ಕಾರ್ಡ್ ಬಾಕಿ ತೋರಿಸುತ್ತದೆ. ಆ್ಯಪ್ ತೆರೆಯಲೇ ಭಯವಾಗುತ್ತದೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ಇವತ್ತೇ ಹೊಸ ಕಾರ್ಡ್‌ಗಳನ್ನು ಪೂರ್ತಿ ನಿಲ್ಲಿಸಿ.

ಫ್ಲ್ಯಾಶ್‌ಕಾರ್ಡ್ ಅಂದರೆ ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಚೀಟಿ. ಯಾವ ಕಾರ್ಡನ್ನು ಯಾವಾಗ ಮತ್ತೆ ತೋರಿಸಬೇಕು ಅಂತ ಆ್ಯಪ್ ಲೆಕ್ಕ ಹಾಕುತ್ತದೆ. ಅದರ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಈ ರಾಶಿ ಎಲ್ಲಿಂದ ಬಂತು ಅನ್ನುವುದೂ ತಿಳಿಯುತ್ತದೆ. ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ 1980ರ ದಶಕದಲ್ಲಿ ಸೂಪರ್‌ಮೆಮೊ ಎಂಬ ತಂತ್ರಾಂಶಕ್ಕಾಗಿ ಮಾಡಿದ ಲೆಕ್ಕ ಬಹಳ ಸರಳ. ಒಂದು ಕಾರ್ಡ್ ಸರಿಯಾದರೆ ಮಾರನೇ ದಿನ ಮತ್ತೆ ಬರುತ್ತದೆ. ಆಗಲೂ ಸರಿಯಾದರೆ ಆರು ದಿನ ಬಿಟ್ಟು. ಅಲ್ಲಿಂದ ಮುಂದೆ ಅಂತರ ಸುಮಾರು ಎರಡೂವರೆ ಪಟ್ಟು ಹಿಗ್ಗುತ್ತಾ ಹೋಗುತ್ತದೆ: 15 ದಿನ, 38 ದಿನ, 95 ದಿನ. ಕಷ್ಟದ ಕಾರ್ಡ್ ಆದರೆ ಹಿಗ್ಗುವುದು ಕಡಿಮೆ. ತಪ್ಪಿದರೆ ಮತ್ತೆ ಮೊದಲಿನಿಂದ. 2006ರಲ್ಲಿ ಬಂದ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ಬಹಳ ವರ್ಷ ಈ ಲೆಕ್ಕದ ಒಂದು ರೂಪದಲ್ಲೇ ನಡೆಯಿತು. 2023ರಿಂದ ಅದರಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕವೂ ಇದೆ. ಅದು ನಿಮ್ಮ ಹಳೆಯ ಉತ್ತರಗಳನ್ನು ನೋಡಿ, ನೀವು ಯಾವಾಗ ಮರೆಯುತ್ತೀರಿ ಅಂತ ಅಂದಾಜು ಮಾಡುತ್ತದೆ.

ಈಗ ರಾಶಿಯ ವಿಷಯಕ್ಕೆ ಬರೋಣ. ದಿನಕ್ಕೆ ಇಪ್ಪತ್ತು ಹೊಸ ಕಾರ್ಡ್ ಹಾಕಿದರೆ ಇಪ್ಪತ್ತೇ ಅಲ್ವಾ ಅನ್ನಿಸುತ್ತದೆ. ಆದರೆ ಪ್ರತಿ ಕಾರ್ಡ್ ಹಲವು ಸಲ ವಾಪಸ್ ಬರುತ್ತದೆ. ಬಳಸುವವರ ಅನುಭವದ ಲೆಕ್ಕದಲ್ಲಿ, ದಿನದ ಪುನರಾವರ್ತನೆ ಹೊಸ ಕಾರ್ಡ್‌ಗಳ ಏಳರಿಂದ ಹತ್ತು ಪಟ್ಟು ಆಗುತ್ತದೆ. ಮುನ್ನೂರು ಬರುತ್ತಿದೆ ಅಂದರೆ ನೀವು ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ ಮೂವತ್ತು, ನಲವತ್ತು ಹಾಕಿರಬೇಕು. ಬಾಕಿಯನ್ನು ಒಂದೇ ರಾತ್ರಿಯಲ್ಲಿ ತೀರಿಸಲು ಹೋಗಬೇಡಿ. ದಿನಕ್ಕೆ ನೂರು ಅಂತ ಮಿತಿ ಹಾಕಿ. ಕೆಲವು ವಾರಗಳಲ್ಲಿ ರಾಶಿ ಇಳಿಯುತ್ತದೆ. ತಡವಾಗಿ ನೋಡಿದ ಕಾರ್ಡ್ ಇನ್ನೂ ನೆನಪಿದ್ದರೆ ಒಳ್ಳೆಯದೇ, ಆ್ಯಪ್ ಅದನ್ನು ಇನ್ನೂ ದೂರಕ್ಕೆ ತಳ್ಳುತ್ತದೆ. ಆಮೇಲೆ ದಿನಕ್ಕೆ ಎಂಟೋ ಹತ್ತೋ ಹೊಸ ಕಾರ್ಡ್ ಸಾಕು.

ಇನ್ನೊಂದು ಮಾತು ಬಟನ್‌ಗಳ ಬಗ್ಗೆ. ಆಂಕಿಯಲ್ಲಿ ಉತ್ತರ ನೋಡಿದ ಮೇಲೆ ಒತ್ತಲು ಅಗೇನ್, ಹಾರ್ಡ್, ಗುಡ್, ಈಸಿ ಅಂತ ನಾಲ್ಕು ಇವೆ. ಮರೆತಾಗ ‘ಅಗೇನ್’ ಒತ್ತಲು ಮನಸ್ಸಾಗದೆ ಬಹಳ ಜನ ‘ಹಾರ್ಡ್’ ಒತ್ತುತ್ತಾರೆ. ಆ್ಯಪ್‌ಗೆ ಅದರ ಅರ್ಥವೇ ಬೇರೆ: ಕಷ್ಟಪಟ್ಟರೂ ನೆನಪಾಯಿತು ಅಂತ. ಆಗ ಗೊತ್ತಿಲ್ಲದ ಕಾರ್ಡ್ ಕೂಡ ದೂರ ಹೋಗುತ್ತದೆ, ಲೆಕ್ಕವೆಲ್ಲ ಹಾಳಾಗುತ್ತದೆ. ಮರೆತಿದ್ದರೆ ‘ಅಗೇನ್’ ಒತ್ತಿ, ಸಂಕೋಚ ಬೇಡ.

ಇಷ್ಟು ಮಾಡಿಯೂ ತಪ್ಪುತ್ತಿದ್ದರೆ ಕಾರ್ಡ್ ಬರೆದ ರೀತಿ ನೋಡಬೇಕು. ನನಗೆ ಕಲಿಯುವವರು ತೋರಿಸುವ ಕಾರ್ಡ್‌ಗಳಲ್ಲಿ ಅರ್ಧದಷ್ಟು ಹೀಗಿರುತ್ತವೆ: ‘ಹೃದಯದ ರಚನೆಯನ್ನು ವಿವರಿಸಿ’. ಹಿಂದೆ ಹತ್ತು ಸಾಲಿನ ಉತ್ತರ. ಏಳು ಸಾಲು ನೆನಪಾಗಿ ಮೂರು ಮರೆತರೆ ಯಾವ ಬಟನ್ ಒತ್ತುತ್ತೀರಿ? ಇಂಥ ಕಾರ್ಡ್‌ನಲ್ಲಿ ಎಷ್ಟು ದುಡಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದನ್ನು ಒಡೆಯಿರಿ. ಹೃದಯದಲ್ಲಿ ಎಷ್ಟು ಕೋಣೆಗಳಿವೆ? ನಾಲ್ಕು. ಇಡೀ ದೇಹಕ್ಕೆ ರಕ್ತ ತಳ್ಳುವ ಕೋಣೆ ಯಾವುದು? ಕೆಳಗಿನ ಎಡ ಕೋಣೆ. ಅದರ ಗೋಡೆ ಬಲ ಕೋಣೆಯ ಗೋಡೆಗಿಂತ ಯಾಕೆ ದಪ್ಪ? ಬಲ ಕೋಣೆ ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಕೋಣೆ ದೇಹದ ಮೂಲೆಮೂಲೆಗೂ ತಳ್ಳಬೇಕು, ಅದಕ್ಕೆ. ಒಂದು ಕಾರ್ಡ್, ಒಂದು ವಿಷಯ, ಒಂದೇ ಉಸಿರಿನ ಉತ್ತರ. ‘ಯಾಕೆ’ ಅನ್ನುವ ಕಾರ್ಡ್ ಒಂದಿದ್ದರೆ ಉಳಿದವು ಅದಕ್ಕೆ ಅಂಟಿಕೊಳ್ಳುತ್ತವೆ.

ಮತ್ತೆ ಮತ್ತೆ ತಪ್ಪುವ ಕಾರ್ಡ್‌ಗೆ ಆಂಕಿ ‘ಲೀಚ್’, ಅಂದರೆ ಜಿಗಣೆ, ಅಂತ ಗುರುತು ಹಾಕುತ್ತದೆ. ಹೆಸರು ಸರಿಯಾಗಿಯೇ ಇದೆ, ಅವು ನಿಮ್ಮ ಸಮಯ ಹೀರುತ್ತವೆ. ಅವನ್ನು ಹಟ ಹಿಡಿದು ಉರು ಹೊಡೆಯಬೇಡಿ. ಪುಸ್ತಕ ತೆರೆದು ಅರ್ಥ ಮಾಡಿಕೊಳ್ಳಿ, ಬೇರೆ ರೀತಿ ಬರೆಯಿರಿ, ಇಲ್ಲವೇ ಅಳಿಸಿಬಿಡಿ. ಬೇರೆಯವರು ಮಾಡಿಟ್ಟ ರೆಡಿಮೇಡ್ ಕಾರ್ಡ್‌ಗಳಲ್ಲಿ ಈ ತೊಂದರೆ ಜಾಸ್ತಿ. ಯಾವುದು ಮುಖ್ಯ, ಹೇಗೆ ಕೇಳಬೇಕು ಅಂತ ಯೋಚಿಸಿ ಕಾರ್ಡ್ ಬರೆಯುವಾಗಲೇ ಅರ್ಧ ಪಾಠ ತಲೆಗೆ ಹತ್ತಿರುತ್ತದೆ.

ಪ್ರಶ್ನೆ: ನನಗೆ 58 ವರ್ಷ. ಹೊಸ ಭಾಷೆ ಕಲಿಯುವ ಆಸೆ. ಮೊದಲು ಮೆದುಳಿಗೆ ವ್ಯಾಯಾಮ ಕೊಡುವ ಆಟಗಳ ಆ್ಯಪ್ ಬಳಸಿ ನೆನಪಿನ ಶಕ್ತಿ ಹೆಚ್ಚಿಸಿಕೊಂಡು ಆಮೇಲೆ ಶುರು ಮಾಡಲಾ?

ಉತ್ತರ: ಬೇಡ, ನೇರವಾಗಿ ಭಾಷೆಯನ್ನೇ ಶುರು ಮಾಡಿ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 11,430 ಜನ ಆರು ವಾರ ಇಂಥ ಅಭ್ಯಾಸ ಮಾಡಿದರು. ಆಡಿದ ಆಟಗಳಲ್ಲಿ ಚುರುಕಾದರು. ಆಡದ ಕೆಲಸಗಳಿಗೆ ಆ ಚುರುಕು ದಾಟಲಿಲ್ಲ. ಭಾಷೆ ಬೇಕಾದರೆ ಭಾಷೆಯ ಪದಗಳನ್ನೇ ನೆನಪಿಸಿಕೊಳ್ಳಬೇಕು. ವಯಸ್ಸಾದಂತೆ ಹೊಸದು ಕಲಿಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಆದರೆ ಅಂತರ ಬಿಟ್ಟು ನೆನಪಿಸಿಕೊಳ್ಳುವ ವಿಧಾನ ಹಿರಿಯರಿಗೂ ಫಲ ಕೊಡುತ್ತದೆ. ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗೆ ದಿನಕ್ಕೆ ಐದು ಪದ ಹಾಕಿ. ಒಂಟಿ ಪದ ಬೇಡ, ಸಣ್ಣ ವಾಕ್ಯದಲ್ಲಿ ಇಡಿ. ಉತ್ತರವನ್ನು ಮನಸ್ಸಿನಲ್ಲಿ ಅಂದುಕೊಳ್ಳುವ ಬದಲು ಬಾಯಿಬಿಟ್ಟು ಹೇಳಿ, ಆಮೇಲೆ ಕಾರ್ಡ್ ತಿರುಗಿಸಿ. ಈ ವಯಸ್ಸಿನಲ್ಲಿ ಹೊಸ ಭಾಷೆಗೆ ಕೈ ಹಾಕಿದ್ದೀರಿ ಅಂತ ಓದಿ ನನಗೆ ನಿಜಕ್ಕೂ ಸಂತೋಷವಾಯಿತು.

ಪ್ರಶ್ನೆ: ಪರೀಕ್ಷೆಗೆ ಇನ್ನು ಹತ್ತೇ ದಿನ. ಈಗ ಇದನ್ನೆಲ್ಲ ಶುರು ಮಾಡಿ ಪ್ರಯೋಜನ ಇದೆಯಾ?

ಉತ್ತರ: ಇದೆ. ಒಂದು ವಾರ ನೆನಪಿರಬೇಕಾದರೆ ಆ ಕಾಲದ ಶೇ 20ರಿಂದ 40ರಷ್ಟು, ಒಂದು ವರ್ಷ ನೆನಪಿರಬೇಕಾದರೆ ಶೇ 5ರಿಂದ 10ರಷ್ಟು ಅಂತರ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು ಅಂತ 2008ರ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಹತ್ತು ದಿನಕ್ಕಾದರೆ ಎರಡು ಮೂರು ದಿನದ ಅಂತರ. ಆ್ಯಪ್‌ನ ಮಾಮೂಲಿ ಲೆಕ್ಕ ತಿಂಗಳುಗಳ ಮೇಲೆ ಕಣ್ಣಿಟ್ಟಿರುತ್ತದೆ, ನಿಮಗೆ ಅದು ಹೊಂದುವುದಿಲ್ಲ. ಕಾರ್ಡ್ ಮಾಡಲು ಕೂರುವಷ್ಟು ಸಮಯವೂ ಇಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಕಾರ್ಡ್ ಅಂದುಕೊಳ್ಳಿ. ಇವತ್ತು ಒಂದು ಭಾಗದ ಪ್ರಶ್ನೆಗಳಿಗೆ ಪುಸ್ತಕ ನೋಡದೆ ಉತ್ತರ ಬರೆಯಿರಿ, ತಪ್ಪಿದ್ದನ್ನು ಗುರುತು ಮಾಡಿ, ನಾಳೆ ಇನ್ನೊಂದು ಭಾಗ, ನಾಡಿದ್ದು ಮೊದಲಿನದರಲ್ಲಿ ತಪ್ಪಿದವು ಮತ್ತೆ. ಏಳನೇ ದಿನಕ್ಕೆ ಹೊಸದನ್ನು ನಿಲ್ಲಿಸಿ. ಕೊನೆಯ ರಾತ್ರಿ ಗುರುತು ಮಾಡಿದ ಪ್ರಶ್ನೆಗಳನ್ನು ಮಾತ್ರ ಒಮ್ಮೆ ಕೇಳಿಕೊಂಡು, ಸರಿಯಾದ ಹೊತ್ತಿಗೆ ಮಲಗಿ. ನಿದ್ದೆ ಕೆಟ್ಟರೆ ಓದಿದ್ದು ನೆಲೆಯೂರುವುದಿಲ್ಲ.