ಕಟ್ಟೆ ಎತ್ತರ ಮಾಡಿದರೆ ಸಾಕಾ?

ಕುಮಟಾ ಕಡೆಯ ಓದುಗರೊಬ್ಬರು ಕೇಳಿದ್ದಾರೆ: 'ಹೋದ ಸಂಚಿಕೆಯಲ್ಲಿ ಬಾಂಗ್ಲಾದೇಶದ ಕರಾವಳಿ ಮುಳುಗುತ್ತಿದೆ ಅಂತ ಬರೆದಿರಿ. ಸುಮ್ನೆ ಹೆದರಿಸೋದು ಯಾಕೆ? ಎತ್ತರದ ಕಟ್ಟೆ ಕಟ್ಟಿದರೆ ಮುಗೀತಲ್ವಾ? ನಮ್ಮ ಗಜನಿಗೂ (ಹೊಳೆಬಾಯಿಯ ಉಪ್ಪುನೀರಿನ ಗದ್ದೆಗೂ) ಅದನ್ನೇ ಮಾಡಬಹುದು.'

ಅವರೂ ಅದನ್ನೇ ಮಾಡಿದ್ದು ಸ್ವಾಮಿ. 1960ರ ದಶಕದಲ್ಲಿ, ಅದಿನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ, ಕರಾವಳಿಯ ನಡುಗಡ್ಡೆಗಳ ಸುತ್ತ ಮಣ್ಣಿನ ದೊಡ್ಡ ಏರಿಗಳನ್ನು ಹಾಕಿದರು. ಹೀಗೆ ಏರಿ ಸುತ್ತಿದ ನೆಲಕ್ಕೆ ಪೋಲ್ಡರ್ ಅಂತ ಹೆಸರು. ಅದು ಡಚ್ಚರ ಮಾತು. ಅದಕ್ಕೂ ಮುಂಚೆ ಅಲ್ಲಿದ್ದದ್ದು ವರ್ಷಕ್ಕೆ ಎಂಟು ತಿಂಗಳು ಮಾತ್ರ ನಿಲ್ಲುವ ತಾತ್ಕಾಲಿಕ ಒಡ್ಡು. ಮಳೆಗಾಲ ಬಂದರೆ ಹೊಳೆಯನ್ನು ಗದ್ದೆಗೆ ಬಿಡುತ್ತಿದ್ದರು.

ಹೊಸ ಏರಿ ಉಪ್ಪುನೀರನ್ನು ತಡೆಯಿತು. ಭತ್ತ ಚೆನ್ನಾಗಿ ಬಂತು. ಆದರೆ ನೀರಿನ ಜೊತೆ ಬರುತ್ತಿದ್ದ ಹೂಳೂ ಹೊರಗೇ ಉಳಿಯಿತು! ಅದು ಹೊಳೆಯ ತಳದಲ್ಲಿ ಕೂತು ಹೊಳೆ ಮೇಲೆದ್ದಿತು, ಹೊಸ ಮಣ್ಣು ಕಾಣದ ಗದ್ದೆ ಕುಸಿಯುತ್ತಾ ಹೋಯಿತು. ಖುಲ್ನಾ ಕಡೆಯ 32ನೇ ಪೋಲ್ಡರ್‌ನ ನೆಲ, ಪಕ್ಕದ ಸುಂದರಬನದ ಕಾಡಿಗಿಂತ 1ರಿಂದ 1.5 ಮೀಟರ್ ತಗ್ಗಿಗೆ ಇಳಿದಿತ್ತು. ಸಮುದ್ರ ಏರಿದ್ದಕ್ಕಿಂತ ಇದೇ ಜಾಸ್ತಿ. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತಕ್ಕೆ ಏರಿ ಒಡೆಯಿತು. ಸುಮಾರು ಎರಡು ವರ್ಷ ಉಬ್ಬರದ ನೀರು ಒಳಗೆ ಬಂದು ಹೋಗುತ್ತಿತ್ತು. ಜನ ಏರಿಯ ಮೇಲೇ ಗುಡಿಸಲು ಹಾಕಿಕೊಂಡಿದ್ದರು. ಅಷ್ಟರಲ್ಲೇ ಅಲ್ಲಿ ಹತ್ತಾರು ಸೆಂಟಿಮೀಟರ್ ಹೂಳು ಬಿದ್ದು ನೆಲ ಮೇಲೆದ್ದಿತು. ಇದನ್ನು ಖುಷಿಯ ಸುದ್ದಿ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಆದರೂ ಆದದ್ದು ಹಾಗೆಯೇ.

ಇದು ರೈತರಿಗೆ ಮೊದಲೇ ಗೊತ್ತಿತ್ತು. ಜಶೋರ್ ಕಡೆಯ ಬೀಲ್ ಭೈನಾ ಎಂಬ ತಗ್ಗಿನಲ್ಲಿ ನೀರು ನಿಂತು ಬೆಳೆ ಹೋಗುತ್ತಿತ್ತು. 1997ರಲ್ಲಿ ಜನ ತಾವೇ ಏರಿ ಕಡಿದು ಉಬ್ಬರವನ್ನು ಒಳಗೆ ಬಿಟ್ಟುಕೊಂಡರು. ನಾಲ್ಕೇ ವರ್ಷದಲ್ಲಿ ನೆಲ ಎದ್ದಿತು, ಹೊಳೆಯೂ ಆಳವಾಯಿತು. ಆಮೇಲೆ ಸರ್ಕಾರ ಇದನ್ನೇ ಯೋಜನೆ ಮಾಡಿತು. ತೊಂದರೆ ಇಲ್ಲ ಅಂತಲ್ಲ. ಅಷ್ಟು ವರ್ಷ ಆ ಗದ್ದೆಯವರ ಹೊಟ್ಟೆ ತುಂಬಿಸುವವರು ಯಾರು? ಮುಂದಿನ ಯೋಜನೆಗಳು ಜಗ್ಗಾಡಿದ್ದು ಈ ಪರಿಹಾರದ ದುಡ್ಡಿಗೇ.

ಏರಿ ಬೇಡ ಅಂತ ನಾನು ಹೇಳುತ್ತಿಲ್ಲ. ಚಂಡಮಾರುತ ಬಂದಾಗ ಅದು ಬೇಕೇ ಬೇಕು. ಆದರೆ ಅಘನಾಶಿನಿಯ ದಡದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆದ ಹಿರಿಯರು ನಿಮ್ಮಲ್ಲೇ ಇದ್ದಾರೆ. ಗದ್ದೆಗೆ ಗೊಬ್ಬರ ಯಾಕೆ ಹಾಕುತ್ತಿರಲಿಲ್ಲ ಅಂತ ಅವರನ್ನು ಒಮ್ಮೆ ಕೇಳಿ. ಕಟ್ಟೆಯ ಬಾಗಿಲನ್ನು ಯಾವಾಗ ತೆಗೆಯುತ್ತಿದ್ದರು ಅನ್ನುವುದನ್ನೂ ಕೇಳಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

— ಸಂಪಾದಕ