ಮೊದಲು ಫ್ಯಾನ್ ಬಂದ್ ಮಾಡಿ, ಮೈಕ್ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡುವುದು ಹೇಗೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ನಿಮ್ಮದು ಕಾಣಲಿಲ್ಲ ಅಂದರೆ ಬೇರೆಯವರ ಪ್ರಶ್ನೆಯೊಳಗೆ ಹುಡುಕಿ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, ಭಾವಗೀತೆ ಹಾಡುತ್ತೇನೆ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಬಾವಿಯೊಳಗೆ ನಿಂತು ಹಾಡಿದ ಹಾಗೆ ಕೇಳುತ್ತದೆ. ಹತ್ತು ಸಾವಿರದೊಳಗೆ ಒಂದು ಒಳ್ಳೆಯ ಕಂಡೆನ್ಸರ್ ಮೈಕ್ ಹೇಳಿ ಸರ್.
– ದಾವಣಗೆರೆ

ಉತ್ತರ: ಹೇಳುತ್ತೇನೆ, ಆದರೆ ಈ ತಿಂಗಳು ದುಡ್ಡು ಬಿಚ್ಚಬೇಡಿ. ಆ ಬಾವಿ ಇರುವುದು ನಿಮ್ಮ ಮನೆಯ ಹಾಲ್‌ನಲ್ಲಿ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಶೋಕೇಸು, ತಲೆ ಮೇಲೆ ಆರ್‌ಸಿಸಿ. ನೀವು ಹಾಡಿದ್ದು ಇವಕ್ಕೆಲ್ಲ ಬಡಿದು ವಾಪಸ್ ಬಂದು ಮೈಕ್‌ಗೆ ಇನ್ನೊಂದು ಸಲ, ಮತ್ತೊಂದು ಸಲ ಬೀಳುತ್ತದೆ. ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ, ಹಾಗಾಗಿ ಅದು ಈ ವಾಪಸ್ ಬಂದ ಸದ್ದನ್ನೂ ಪಕ್ಕದ ಮನೆ ಕುಕ್ಕರ್ ವಿಸಿಲನ್ನೂ ಈಗಿನದಕ್ಕಿಂತ ಚೊಕ್ಕವಾಗಿ ಹಿಡಿದುಕೊಡುತ್ತದೆ, ಅಷ್ಟೇ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಪ್ರತಿ ಕೋಣೆಯಲ್ಲೂ ನಿಂತು ಒಂದೊಂದು ಚಪ್ಪಾಳೆ ತಟ್ಟಿ. ಹಾಲ್‌ನಲ್ಲಿ ಚಪ್ಪಾಳೆಗೆ ಒಂದು ಬಾಲ ಇರುತ್ತದೆ, ಠಣ್ ಅಂತ ಎಳೆಯುತ್ತದೆ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಮಲಗುವ ಕೋಣೆಯಲ್ಲಿ ಟಪ್ ಅಂದು ನಿಲ್ಲುತ್ತದೆ. ಹಾಡಬೇಕಾದ್ದು ಅಲ್ಲಿ. ಬೀರುವಿನ ಬಾಗಿಲು ಪೂರ್ತಿ ತೆಗೆದು, ಬಟ್ಟೆಗಳಿಗೆ ಬೆನ್ನು ಹಾಕಿ ನಿಂತುಕೊಳ್ಳಿ. ಬೆನ್ನು ಯಾಕೆ ಅಂದರೆ, ಮೈಕ್‌ನ ಮುಖ ನಿಮ್ಮ ಕಡೆ ಇರುತ್ತದೆ ಅಲ್ವಾ, ಅದಕ್ಕೆ ನಿಮ್ಮ ಹಿಂದಿನ ಗೋಡೆಯೇ ಎದುರು. ಬೀರು ಇಲ್ಲದಿದ್ದರೆ ಹಗ್ಗ ಕಟ್ಟಿ ದಪ್ಪ ರಜಾಯಿ ನೇತುಹಾಕಿ. ಮೊಟ್ಟೆ ಟ್ರೇ ಅಂಟಿಸುವ ಐಡಿಯಾ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ, ಆ ತೆಳು ರಟ್ಟು ಹೀರುವುದು ಏನೂ ಇಲ್ಲ.

ಆಮೇಲೆ ಫ್ಯಾನ್ ಆರಿಸಿ. ಸೆಕೆ ಆಗುತ್ತದೆ, ಗೊತ್ತು. ಒಂದು ಹಾಡು ನಾಲ್ಕೈದು ನಿಮಿಷ, ತಡೆದುಕೊಳ್ಳಿ. ಗುಂಯ್ ಅನ್ನುವ ಸದ್ದು ಇನ್ನೂ ಇದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನೋಡಿ. ನಮ್ಮ ಕರೆಂಟಿನ 50 ಹರ್ಟ್ಸ್ ಅರ್ಥಿಂಗ್ ಸರಿಯಿಲ್ಲದ ಕಡೆ ರೆಕಾರ್ಡಿಂಗ್ ಒಳಗೂ ನುಗ್ಗುತ್ತದೆ.

ಇನ್ನು ದೂರ. ಬಾಯಿಗೂ ಮೈಕ್‌ಗೂ ನಡುವೆ ಒಂದು ಗೇಣು, ಅದಕ್ಕಿಂತ ಜಾಸ್ತಿ ಬೇಡ. ಈ ದೂರ ಅರ್ಧ ಮಾಡಿದರೆ ನಿಮ್ಮ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಬಿಟ್ಟಿಯಾಗಿ ಸಿಗುವ ಲಾಭ ಇದು. ತೀರಾ ಹತ್ತಿರ ಹೋದರೆ ಧ್ವನಿ ಗಡಸಾಗಿ, ಕೆಳಗಿನ ಸ್ವರಗಳು ಉಬ್ಬಿದಂತೆ ಕೇಳುತ್ತವೆ, ಅಷ್ಟು ನೋಡಿಕೊಳ್ಳಿ.

ಇಷ್ಟು ಮಾಡಿ ಅದೇ ಫೋನಿನಲ್ಲಿ ಮತ್ತೆ ಹಾಡಿ ಕೇಳಿ. ಆಮೇಲೂ ಮೈಕ್ ಬೇಕು ಅನ್ನಿಸಿದರೆ ಎರಡು ದಾರಿ. ಕೋಣೆ ನಿಶ್ಶಬ್ದವಾಗಿದ್ದರೆ ಯುಎಸ್‌ಬಿ ಕಂಡೆನ್ಸರ್, ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ ಹಾಡಬಹುದು. ಮನೆ ರಸ್ತೆ ಪಕ್ಕದಲ್ಲಿದ್ದರೆ ಡೈನಮಿಕ್ ಮೈಕ್, ಅಂದರೆ ವೇದಿಕೆಯಲ್ಲಿ ಹಿಡಿದು ಹಾಡುವ ಜಾತಿಯದು. ಶೂರ್ ಎಸ್‌ಎಂ58 ಅಂತ ಒಂದಿದೆ, 1966ರಿಂದ ಮಾರುಕಟ್ಟೆಯಲ್ಲಿದೆ, ಇವತ್ತಿಗೂ ಜನ ಕೊಳ್ಳುತ್ತಾರೆ. ಇದಕ್ಕೆ ಬಾಯಿ ನಾಲ್ಕು ಬೆರಳಷ್ಟು ಹತ್ತಿರ ಇಟ್ಟು ಹಾಡುವುದರಿಂದ ಹೊರಗಿನ ಸದ್ದು ಹಿಂದೆ ಬೀಳುತ್ತದೆ. ಆದರೆ ಇದನ್ನು ಕಂಪ್ಯೂಟರಿಗೆ ಜೋಡಿಸಲು ಆಡಿಯೋ ಇಂಟರ್‌ಫೇಸ್ ಅನ್ನುವ ಪುಟ್ಟ ಡಬ್ಬಿ ಬೇಕು, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಇನ್ನೊಂದು, ಸ್ಟ್ಯಾಂಡು ಫಿಲ್ಟರು ಎಲ್ಲ ಸೇರಿಸಿ ತೀರಾ ಅಗ್ಗಕ್ಕೆ ಬರುವ ಕಂಡೆನ್ಸರ್ ಸೆಟ್‌ಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಮೈಕ್‌ಗಳಿಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಮೈಕ್‌ಗೆ ಕೊಡುವ ಕರೆಂಟು ಬೇಕು. ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ಹಾಕಿದರೆ ಪಿಸುಮಾತಿನಷ್ಟು ಧ್ವನಿ, ಜೊತೆಗೆ ಒಂದು ರಾಶಿ ಸುಯ್ ಸದ್ದು.

ಪ್ರಶ್ನೆ: ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ? ದೊಡ್ಡ ಸ್ಟುಡಿಯೋದವರು ಬಳಸುವುದನ್ನೇ ಕ್ರ್ಯಾಕ್ ಮಾಡಿ ಕೊಡುತ್ತೇನೆ ಅಂತ ಗೆಳೆಯ ಹೇಳುತ್ತಿದ್ದಾನೆ.
– ಬಿಎಸ್ಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಗೆಳೆಯನಿಗೆ ಬೇಡ ಅನ್ನಿ. ವೈರಸ್ ಕಾಟ ಒಂದು ಕಡೆ, ಅಷ್ಟು ಬಟನ್ ನೋಡಿ ಹಾಡುವುದೇ ಮರೆತುಹೋಗುತ್ತದೆ ಅನ್ನುವುದು ಇನ್ನೊಂದು ಕಡೆ. ಕಂಪ್ಯೂಟರ್ ಇದ್ದರೆ ಅಡಾಸಿಟಿ ಹಾಕಿಕೊಳ್ಳಿ. 2000ದಿಂದ ಇದೆ, ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೋಡಲು ಚಂದ ಇಲ್ಲ, ಆದರೆ ಒಂದು ಟ್ರ್ಯಾಕ್, ಅದರ ಮೇಲೆ ಒಂದು ಧ್ವನಿ ಅಂದರೆ ಧಾರಾಳ ಸಾಕು. ಬರೀ ಫೋನ್ ಇದ್ದರೆ ಬ್ಯಾಂಡ್‌ಲ್ಯಾಬ್. ಐಫೋನ್ ಅಥವಾ ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್, ಬೇರೆ ಹುಡುಕಲೇಬೇಡಿ. ಮುಂದೆ ತಬಲಾ, ಕೊಳಲು, ಕೋರಸ್ ಅಂತ ಟ್ರ್ಯಾಕ್ ಜಾಸ್ತಿ ಆದಾಗ ರೀಪರ್ ನೋಡಿ. 60 ದಿನ ಎಲ್ಲವನ್ನೂ ಬಳಸಿ ನೋಡಬಹುದು, ಆಮೇಲೆ ಇಷ್ಟವಾದರೆ ದುಡ್ಡು ಕೊಡಿ.

ಪ್ರಶ್ನೆ: ಕರೋಕೆ ಟ್ರ್ಯಾಕ್ ಕೇಳುತ್ತಾ ತಾಳಕ್ಕೆ ಸರಿಯಾಗಿಯೇ ಹಾಡುತ್ತೇನೆ. ಆಮೇಲೆ ಕೇಳಿದರೆ ನನ್ನ ಧ್ವನಿ ಹಿಂದೆ ಹಿಂದೆ ಬರುತ್ತಿರುತ್ತದೆ. ನನ್ನ ತಾಳಜ್ಞಾನವೇ ಸರಿಯಿಲ್ವಾ?
– ಪಿಜಿಯಲ್ಲಿರುವವರು, ಬೆಂಗಳೂರು

ಉತ್ತರ: ನಿಮ್ಮ ತಾಳ ಸರಿಯಾಗಿದೆ. ಬ್ಲೂಟೂತ್ ಇಯರ್‌ಬಡ್ಸ್ ಹಾಕಿಕೊಂಡಿದ್ದೀರಿ, ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಬ್ಲೂಟೂತ್‌ನಲ್ಲಿ ಟ್ರ್ಯಾಕ್ ನಿಮ್ಮ ಕಿವಿಗೆ ಮುಟ್ಟುವಷ್ಟರಲ್ಲಿ 100–200 ಮಿಲಿಸೆಕೆಂಡ್ ಸುಲಭವಾಗಿ ಕಳೆದಿರುತ್ತದೆ. ತಡವಾಗಿ ಕೇಳಿಸಿದ್ದಕ್ಕೆ ನೀವು ತಡವಾಗಿ ಹಾಡುತ್ತೀರಿ. ಅದರ ಮೈಕನ್ನೂ ಬಳಸಿದರಂತೂ ಇಡೀ ಸದ್ದು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ವೈರ್ ಇರುವ ಸಾಧಾರಣ ಇಯರ್‌ಫೋನ್ ತನ್ನಿ, ಮುಕ್ಕಾಲು ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉಳಿದ ಕಾಲು ಭಾಗ ಕಂಪ್ಯೂಟರಿನದು. ಅಡಾಸಿಟಿಯ ಪ್ರಿಫರೆನ್ಸಸ್‌ನಲ್ಲಿ ಲೇಟೆನ್ಸಿ ಕಾಂಪನ್ಸೇಶನ್ ಅಂತ, ಅಂದರೆ ಈ ತಡವನ್ನು ಸರಿಹೊಂದಿಸುವ ಒಂದು ಅಂಕಿ ಇದೆ, ಸಾಮಾನ್ಯವಾಗಿ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ. ಟಿಕ್ ಟಿಕ್ ಅನ್ನುವ ಒಂದು ರಿದಮ್ ಟ್ರ್ಯಾಕ್ ಮಾಡಿಕೊಂಡು, ಇಯರ್‌ಫೋನನ್ನು ಮೈಕ್‌ಗೆ ಒತ್ತಿ ಹಿಡಿದು ಅದನ್ನೇ ರೆಕಾರ್ಡ್ ಮಾಡಿ. ಈಗ ಮೇಲೆ ಒಂದು ಟಿಕ್, ಕೆಳಗೆ ಒಂದು ಟಿಕ್. ಜೂಮ್ ಮಾಡಿ ನಡುವಿನ ಅಂತರ ನೋಡಿ. ಕೆಳಗಿನದು 80 ಮಿಲಿಸೆಕೆಂಡ್ ಹಿಂದೆ ಬಿದ್ದಿದ್ದರೆ ಆ ಅಂಕಿಯನ್ನು ಮೈನಸ್ 210 ಮಾಡಿ. ಒಂದು ಸಲ ಮಾಡಿದರೆ ಅದೇ ಮೈಕ್, ಅದೇ ಕಂಪ್ಯೂಟರ್ ಇರುವವರೆಗೆ ಸಾಮಾನ್ಯವಾಗಿ ಮತ್ತೆ ಮುಟ್ಟಬೇಕಿಲ್ಲ.

ಹಾಡುವಾಗ ನಿಮ್ಮ ಧ್ವನಿಯೇ ಪ್ರತಿಧ್ವನಿಯಾಗಿ ಕಿವಿಗೆ ಬರುತ್ತಿದ್ದರೆ ಸಾಫ್ಟ್‌ವೇರ್ ಮಾನಿಟರಿಂಗ್, ಅಂದರೆ ಹಾಡಿದ್ದನ್ನು ಕಂಪ್ಯೂಟರ್ ಕೂಡಲೇ ಇಯರ್‌ಫೋನಿಗೆ ವಾಪಸ್ ಕೇಳಿಸುವುದನ್ನು ಬಂದ್ ಮಾಡಿ, ಒಂದು ಕಿವಿಯ ಇಯರ್‌ಫೋನ್ ತೆಗೆದು ಹಾಡಿ. ಎಷ್ಟೋ ದೊಡ್ಡ ಗಾಯಕರೂ ಸ್ಟುಡಿಯೋದಲ್ಲಿ ಒಂದು ಕಿವಿ ಖಾಲಿ ಇಟ್ಟುಕೊಂಡೇ ಹಾಡುತ್ತಾರೆ.

ಪ್ರಶ್ನೆ: ಭಾಗವತಿಕೆ ಕಲಿಯುತ್ತಿದ್ದೇನೆ. ಪದ್ಯದ ಏರುಜಾಗದಲ್ಲಿ ರೆಕಾರ್ಡಿಂಗ್ ಪರಪರ ಅಂತ ಹರಿಯುತ್ತದೆ. ವಾಲ್ಯೂಮ್ ಕಡಿಮೆ ಮಾಡಿದರೂ ಹೋಗುವುದಿಲ್ಲ.
– ಕುಂದಾಪುರ

ಉತ್ತರ: ಹೋಗುವುದಿಲ್ಲ, ಯಾಕೆಂದರೆ ಒಳಗೆ ಬರುವಾಗಲೇ ಅಲೆಯ ತುದಿ ಕತ್ತರಿಸಿ ಹೋಗಿದೆ. ಜೂಮ್ ಮಾಡಿ ನೋಡಿ, ಬೆಟ್ಟದ ಹಾಗೆ ಇರಬೇಕಾದ್ದು ನೆತ್ತಿ ಸಪಾಟಾಗಿ ಕಾಣುತ್ತದೆ. ಆಮೇಲೆ ಇಳಿಸಿದರೆ ಸಪಾಟಾದ್ದೇ ಚಿಕ್ಕದಾಗುತ್ತದೆ ಅಷ್ಟೇ. ನೀವೆಲ್ಲ ಮಾಡುವುದು ಹೀಗೆ: ಶುರುವಿನ ಸಾಲು ಮೆಲ್ಲಗೆ ಹಾಡಿ ಅದಕ್ಕೆ ಗೇನ್, ಅಂದರೆ ಮೈಕ್‌ನಿಂದ ಒಳಗೆ ಬರುವ ಸದ್ದಿನ ಮಟ್ಟ ಹೊಂದಿಸಿಕೊಳ್ಳುತ್ತೀರಿ. ಉಲ್ಟಾ ಮಾಡಿ. ಪದ್ಯದಲ್ಲಿ ಅತಿ ಎತ್ತರದ, ಅತಿ ಜೋರಿನ ಸಾಲನ್ನೇ ಮೊದಲು ಹಾಡಿ, ರೆಕಾರ್ಡಿಂಗ್ ಮೀಟರ್ ಮೈನಸ್ 10ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವ ಹಾಗೆ ಮೈಕ್‌ನ ಗೇನ್ ತಿರುಗಿಸಿ. ಸೊನ್ನೆ ಮುಟ್ಟಿತೋ, ಕೆಟ್ಟಿತು. ಮೆಲ್ಲಗಿನ ಸಾಲು ತೀರಾ ಸಣ್ಣದಾಗುತ್ತದೆ ಅಂತ ಹೆದರಬೇಡಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಆಮೇಲೆ ಎಷ್ಟು ಬೇಕೋ ಅಷ್ಟು ಎತ್ತಬಹುದು. ಏರುಜಾಗ ಬಂದಾಗ ಮುಖ ಸ್ವಲ್ಪ ಹಿಂದೆ ತೆಗೆದುಕೊಳ್ಳುವ ಅಭ್ಯಾಸ ರಂಗಸ್ಥಳದಲ್ಲಿ ನೋಡಿಯೇ ಇರುತ್ತೀರಿ, ಅದನ್ನೇ ಮನೆಯಲ್ಲೂ ಮಾಡಿ. ಮತ್ತೆ ಚೆಂಡೆಯವರನ್ನು ಅದೇ ಕೋಣೆಗೆ ಕರೆಯಬೇಡಿ ಮಾರಾಯ್ರೆ. ಅವರದು ಬೇರೆ ದಿನ, ಬೇರೆ ಟ್ರ್ಯಾಕ್.

ಪ್ರಶ್ನೆ: ‘ಭಾರತ’, ‘ಫಲ’, ‘ಪಾದ’ ಇಂಥ ಪದ ಬಂದಾಗಲೆಲ್ಲ ಧಡ್ ಅನ್ನುತ್ತದೆ.
– ತುಮಕೂರು

ಉತ್ತರ: ತುಟಿ ಮುಚ್ಚಿ ತೆಗೆಯುವ ಅಕ್ಷರಗಳಲ್ಲಿ ಗಾಳಿ ನೇರ ಹೋಗಿ ಮೈಕ್‌ಗೆ ಗುದ್ದುತ್ತದೆ. ಮಹಾಪ್ರಾಣ ಆದರೆ ಇನ್ನೂ ಜಾಸ್ತಿ. ಪಾಪ್ ಫಿಲ್ಟರ್, ಅಂದರೆ ಮೈಕ್ ಮುಂದೆ ಇಡುವ ಗಾಳಿ ತಡೆಯುವ ಜಾಲರಿ ಹಾಕಿ, ಮೈಕನ್ನು ಬಾಯಿಯ ನೇರಕ್ಕೆ ಇಡದೆ ಮೂಗಿನ ಎತ್ತರಕ್ಕೆ ಒಂಚೂರು ಪಕ್ಕಕ್ಕೆ ಇಟ್ಟು ಬಾಯಿಯ ಕಡೆ ಬಗ್ಗಿಸಿ. ಈಗಾಗಲೇ ಹಾಡಿಬಿಟ್ಟಿದ್ದಕ್ಕೆ ಹೈ ಪಾಸ್ ಫಿಲ್ಟರ್ ಹಾಕಿ 80–100 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿ, ಸುಮಾರಾಗಿ ಸರಿಹೋಗುತ್ತದೆ.

ಪ್ರಶ್ನೆ: ನಮ್ಮ ಅವ್ವ ಸೋಬಾನೆ ಪದ, ಬೀಸುವ ಕಲ್ಲಿನ ಪದ ಹಾಡುತ್ತಾಳೆ. ವಯಸ್ಸಾಗಿದೆ, ಈಗಲೇ ರೆಕಾರ್ಡ್ ಮಾಡಿ ಇಡಬೇಕು. ಫೋನ್ ಹಿಡಿದರೆ ಸಾಕು, ಧ್ವನಿ ಬಿಗಿಯಾಗಿ ನಾಲ್ಕು ಸಾಲಿಗೆ ನಿಲ್ಲಿಸಿಬಿಡುತ್ತಾಳೆ.
– ಪ್ರಾಥಮಿಕ ಶಾಲೆ ಶಿಕ್ಷಕಿ, ಹಾವೇರಿ

ಉತ್ತರ: ಮೇಡಂ, ಮೇಲೆ ಉಳಿದವರಿಗೆ ಹೇಳಿದ್ದರಲ್ಲಿ ಅರ್ಧ ನಿಮಗೆ ಬೇಡ. ಹೆಡ್‌ಫೋನ್ ಬೇಡ, ಟ್ರ್ಯಾಕ್ ಬೇಡ, ರಜಾಯಿಯೂ ಬೇಡ. ಅವ್ವ ದಿನಾ ಕೂರುವ ಜಾಗದಲ್ಲೇ ಕೂರಲಿ. ಕೈಗೆ ಒಂದು ಕೆಲಸ ಕೊಡಿ, ಮೊರದಲ್ಲಿ ಅಕ್ಕಿಯೋ ಜೋಳವೋ ಇರಲಿ. ಬೀಸುವ ಕಲ್ಲು ಮನೆಯಲ್ಲಿ ಇನ್ನೂ ಇದ್ದರೆ ಎರಡು ಹಿಡಿ ಜೋಳ ಹಾಕಿ ಬೀಸುತ್ತಲೇ ಹಾಡಲಿ, ಕಲ್ಲಿನ ಸದ್ದು ಬರುತ್ತದೆ ಅಂತ ಚಿಂತೆ ಬೇಡ, ಆ ಪದದ ಲಯವೇ ಆ ಕಲ್ಲು ತಿರುಗುವ ಲಯ. ಸೊಲ್ಲು ಹಿಡಿಯಲು ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕರೆಯಿರಿ. ಜೊತೆಗಾರ್ತಿಯರು ಬಂದರೆ ನಾಲ್ಕು ಸಾಲಿಗೆ ನಿಲ್ಲಿಸುವವರು ನಲವತ್ತು ಸಾಲು ಹಾಡುತ್ತಾರೆ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವಲ್ ಮೇಲೆ, ಅವ್ವನಿಂದ ಎರಡು ಗೇಣು ದೂರದಲ್ಲಿ ಇಟ್ಟುಬಿಡಿ. ಕೈಯಲ್ಲಿ ಹಿಡಿಯಬೇಡಿ. ಅವರು ಬರುವ ಮೊದಲೇ ರೆಕಾರ್ಡಿಂಗ್ ಆನ್ ಮಾಡಿ, ಹಾಡು ಮುಗಿದ ಕೂಡಲೇ ಆಫ್ ಮಾಡಲು ಓಡಬೇಡಿ. ಇದು ಯಾರ ಮದುವೆಯಲ್ಲಿ ಹಾಡಿದ್ದು, ಯಾರು ಕಲಿಸಿದ್ದು ಅನ್ನುವ ಮಾತು ಬರುವುದು ಹಾಡಿನ ನಡುವಿನ ಆ ಬಿಡುವಿನಲ್ಲೇ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಅಥವಾ ಅತಿ ಹೆಚ್ಚಿನ ಗುಣಮಟ್ಟ ಆರಿಸಿ, ಮೋನೋ ಸಾಕು. 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ಒಂದು ಗಂಟೆಗೆ ಸುಮಾರು 350 ಎಂಬಿ ಆಗುತ್ತದೆ, ಇವತ್ತಿನ ಫೋನಿಗೆ ಅದೇನೂ ಅಲ್ಲ.

ಮೂಲ ಫೈಲನ್ನು ಹಾಗೇ ಎರಡು ಕಡೆ ಕಾಪಿ ಮಾಡಿಡಿ. ನಾಯ್ಸ್ ರಿಡಕ್ಷನ್, ಅಂದರೆ ಹಿಂದಿನ ಗದ್ದಲ ತಗ್ಗಿಸುವುದು ಮಾಡುವುದಿದ್ದರೆ ಇನ್ನೊಂದು ಪ್ರತಿಯ ಮೇಲೆ. ಅಡಾಸಿಟಿಯಲ್ಲಿ ಯಾರೂ ಮಾತಾಡದ ಎರಡು ಸೆಕೆಂಡ್ ಆರಿಸಿ ನಾಯ್ಸ್ ಪ್ರೊಫೈಲ್ ತೆಗೆದುಕೊಂಡು, ಆಮೇಲೆ ಪೂರ್ತಿ ಆರಿಸಿ 6 ಡೆಸಿಬೆಲ್‌ನಷ್ಟೇ ಕಡಿಮೆ ಮಾಡಿ. ಆಸೆಗೆ ಬಿದ್ದು 20ಕ್ಕೆ ಹೋದರೆ ಅವ್ವನ ಧ್ವನಿ ನೀರೊಳಗಿಂದ ಬಂದಂತಾಗುತ್ತದೆ. ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಫೈಲ್ ಹಾಗೇ ಹೋಗುತ್ತದೆ.

ಪ್ರಶ್ನೆ: ಕನ್ನಡ ಕೂಟದ ಯುಗಾದಿಗೆ ದಾಸರ ಪದ ಹಾಡಿ ಕಳಿಸಬೇಕು. ಮೇಲಿನ ಸ್ವರ ಸ್ವಲ್ಪ ಇಳಿಯುತ್ತದೆ. ಆಟೋಟ್ಯೂನ್ ಹಾಕಿದರೆ ತಪ್ಪಾ?
– ಡಲ್ಲಾಸ್, ಅಮೆರಿಕ

ಉತ್ತರ: ತಪ್ಪೇನಿಲ್ಲ, ಆದರೆ ದಾಸರ ಪದಕ್ಕೆ ಹೊಂದುವುದಿಲ್ಲ. ಆಟೋಟ್ಯೂನ್ ಬಂದದ್ದು 1997ರಲ್ಲಿ, ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ತೈಲ ನಿಕ್ಷೇಪ ಹುಡುಕಲು ಭೂಕಂಪನ ಅಲೆಗಳ ಲೆಕ್ಕ ಹಾಕುತ್ತಿದ್ದವರು. ಅದು ನಿಮ್ಮ ಧ್ವನಿಯನ್ನು ಹತ್ತಿರದ ಹಾರ್ಮೋನಿಯಂ ಮನೆಗೆ ಎಳೆದು ಕೂರಿಸುತ್ತದೆ. ತೋಡಿ ರಾಗದ ಗಾಂಧಾರ ಎಲ್ಲಿ ಒಂದು ಮನೆಯಲ್ಲಿ ಕೂರುತ್ತದೆ ಹೇಳಿ? ಗಮಕ ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಹೋಗುತ್ತದೆ. ಹಾಕಲೇಬೇಕು ಅಂದರೆ ಅದು ಸ್ವರ ತಿದ್ದುವ ವೇಗ ಆದಷ್ಟು ನಿಧಾನಕ್ಕೆ ಇಟ್ಟು, ಉದ್ದಕ್ಕೆ ನಿಲ್ಲುವ ಸ್ವರಗಳಿಗೆ ಮಾತ್ರ ಹಾಕಿ.

ನನಗೆ ಅನುಮಾನ ಬೇರೆ. ಟ್ರ್ಯಾಕ್‌ನ ಶ್ರುತಿಯೇ ನಿಮಗೆ ಎತ್ತರ ಆಗಿರಬೇಕು. ಅಡಾಸಿಟಿಯಲ್ಲಿ ಚೇಂಜ್ ಪಿಚ್ ಇದೆ, ಟ್ರ್ಯಾಕನ್ನು ಅರ್ಧ ಮನೆ, ಒಂದು ಮನೆ ಇಳಿಸಿ ಹಾಡಿ ನೋಡಿ. ಅದಕ್ಕಿಂತ ಇಳಿಸಿದರೆ ಮೃದಂಗ ಮಂಕಾಗುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಸುಮ್ನೆ ಹಾಡಿದರೆ ಇನ್ನೂ ಚಂದ. ಒಂದು ಸಾಲು ಕೈಕೊಟ್ಟರೆ ಇಡೀ ಹಾಡು ಮತ್ತೆ ಹಾಡಬೇಡಿ, ಆ ಸಾಲನ್ನಷ್ಟೇ ಮೂರು ನಾಲ್ಕು ಸಲ ಹಾಡಿ ಒಳ್ಳೆಯದನ್ನು ಜೋಡಿಸಿ.

ಪ್ರಶ್ನೆ: ಹಾಡಿದ್ದನ್ನು ಯೂಟ್ಯೂಬಿಗೆ ಹಾಕಿದರೆ ಕಾಪಿರೈಟ್ ತೊಂದರೆ ಬರುತ್ತದಾ?
– ಶಿವಮೊಗ್ಗ

ಉತ್ತರ: ಬರಬಹುದು. ನಮ್ಮ ಕಾಯ್ದೆಯಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಪುರಂದರದಾಸರಿಗೆ ಯಾರನ್ನೂ ಕೇಳಬೇಕಿಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041 ಮುಗಿಯುವವರೆಗೆ ಅವರ ಕವಿತೆಗಳಿಗೆ ಹಕ್ಕುದಾರರಿದ್ದಾರೆ. ರಾಗ ಹಾಕಿದವರ ಹಕ್ಕು ಬೇರೆ, ಕರೋಕೆ ಟ್ರ್ಯಾಕ್ ಮಾಡಿದವರ ಹಕ್ಕು ಮತ್ತೂ ಬೇರೆ. ದಾಸರ ಪದವೇ ಆದರೂ ಬೇರೆಯವರ ಟ್ರ್ಯಾಕ್ ಮೇಲೆ ಹಾಡಿದರೆ ಕ್ಲೇಮ್ ಬಂದೀತು. ಬರೀ ತಂಬೂರಿ ಅಥವಾ ನಿಮ್ಮದೇ ಹಾರ್ಮೋನಿಯಂ ಇಟ್ಟುಕೊಂಡರೆ ಆ ತಲೆನೋವು ಕಡಿಮೆ.

ಪ್ರಶ್ನೆ: ಅಡಾಸಿಟಿಯಲ್ಲಿ ಸೇವ್ ಮಾಡಿ ತಂಗಿಗೆ ಕಳಿಸಿದೆ, ಅವಳ ಫೋನಿನಲ್ಲಿ ತೆರೆಯುತ್ತಲೇ ಇಲ್ಲ.
– ಸಿರಸಿ

ಉತ್ತರ: ನೀವು ಕಳಿಸಿದ್ದು ಪ್ರಾಜೆಕ್ಟ್ ಫೈಲ್, ಅದು ಅಡಾಸಿಟಿಗೆ ಮಾತ್ರ ಅರ್ಥವಾಗುತ್ತದೆ. ಫೈಲ್ ಮೆನುಗೆ ಹೋಗಿ ಎಕ್ಸ್‌ಪೋರ್ಟ್ ಒತ್ತಿ, ಎಂಪಿ3 ಮಾಡಿ ಕಳಿಸಿ. ಪ್ರಾಜೆಕ್ಟ್ ಫೈಲ್ ಮಾತ್ರ ಅಳಿಸಬೇಡಿ, ನಾಳೆ ತಂಗಿ “ಎರಡನೇ ಚರಣ ಇನ್ನೊಂಚೂರು ಜೋರಾಗಿ ಬರಲಿ” ಅಂದರೆ ಅದು ಬೇಕಾಗುತ್ತದೆ.