ಗೋವಾದ ಗ್ರಾಂಡ್ ದ್ವೀಪದಲ್ಲಿ ಡೈವಿಂಗ್‌ಗೆ ಒಯ್ಯುವ ಕ್ಯಾಮೆರಾದ ಜಲನಿರೋಧಕ ಕವಚದ, ಅಂದರೆ ಹೌಸಿಂಗ್‌ನ ಓ-ರಿಂಗಿಗೆ (ಬಾಗಿಲಿನ ಅಂಚಿನಲ್ಲಿ ಕೂರುವ ರಬ್ಬರ್ ಬಳೆಗೆ) ಎಷ್ಟು ಗ್ರೀಸ್ ಹಚ್ಚಬೇಕು, ಅದನ್ನು ಯಾವಾಗ ಬದಲಿಸಬೇಕು?

ನೀರನ್ನು ತಡೆಯುವುದು ಗ್ರೀಸ್ ಅಲ್ಲ, ಒತ್ತಿಕೊಂಡ ರಬ್ಬರ್. ಗ್ರೀಸಿನ ಕೆಲಸ ಬಳೆಯು ತಿರುಚಿಕೊಳ್ಳದೆ ತನ್ನ ಜಾಗದಲ್ಲಿ ಜಾರಿ ಕೂರುವಂತೆ ಮಾಡುವುದಷ್ಟೇ. ಆದ್ದರಿಂದ ಮೇಲ್ಮೈ ತುಸು ಹೊಳೆಯುವಷ್ಟು ಸವರಿದರೆ ಸಾಕು, ಅಂಟಂಟಾಗಿ ಬಳಿದರೆ ಗೋವಾದ ಕಡಲತೀರದ ನುಣುಪು ಮರಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಸಿಲಿಕೋನ್ ರಿಂಗಿಗೆ ಮಾಮೂಲಿ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದು ಉಬ್ಬಬಹುದಾದ್ದರಿಂದ, ಹೌಸಿಂಗ್ ತಯಾರಕರು ಸೂಚಿಸಿದ ಗ್ರೀಸನ್ನೇ ಬಳಸಿ.

ಹತ್ತು ಮೀಟರ್ ಇಳಿದಂತೆಲ್ಲ ಸುಮಾರು 1 ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ವಿಚಿತ್ರವೆಂದರೆ ಆ ಒತ್ತಡವೇ ಬಾಗಿಲನ್ನು ಇನ್ನಷ್ಟು ಬಿಗಿಯಾಗಿಸುವುದರಿಂದ, ಸೋರಿಕೆ ಹಲವು ಬಾರಿ ಆಳದಲ್ಲಲ್ಲ, ದೋಣಿಯ ಪಕ್ಕದ ಮೇಲ್ನೀರಿನಲ್ಲೇ ಶುರುವಾಗುತ್ತದೆ. ನನ್ನ ಹೌಸಿಂಗಿಗೆ ನೀರು ನುಗ್ಗಿದ್ದು ರಿಂಗಿನ ಮೇಲೆ ಸಿಕ್ಕಿಕೊಂಡ ಒಂದೇ ಒಂದು ಕೂದಲೆಳೆಯಿಂದ. ಅಂದಿನಿಂದ ದೋಣಿ ಹತ್ತುವ ಮೊದಲೇ, ವಾಸ್ಕೋದ ಮನೆಯಲ್ಲಿ ಫ್ಯಾನ್ ಆರಿಸಿ, ಹೌಸಿಂಗನ್ನು ಮುಚ್ಚಿಬಿಡುತ್ತೇನೆ.

ರಿಂಗನ್ನು ಸೂಜಿಯಿಂದ ಕೀಳಬೇಡಿ. ಬೆರಳಿನಿಂದ ಒತ್ತಿ ಉಬ್ಬಿಸಿ ಅಥವಾ ಮೊಂಡಾದ ಪ್ಲಾಸ್ಟಿಕ್ ಕಾರ್ಡಿನಿಂದ ಎತ್ತಿ. ಬೆರಳುಗಳ ನಡುವೆ ನಿಧಾನವಾಗಿ ಎಳೆದಾಗ ಗಂಟು, ಸೀಳು ತಾಗಿದರೆ, ಅಥವಾ ದುಂಡಗಿನ ಅಂಚು ಚಪ್ಪಟೆಯಾಗಿದ್ದರೆ ಕೂಡಲೇ ಬದಲಿಸಿ. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಮಳೆಗಾಲದಲ್ಲಿ ಇಲ್ಲಿ ಡೈವಿಂಗ್ ನಿಂತಿರುವಾಗ ರಿಂಗ್ ಒತ್ತಿಕೊಂಡೇ ಇರದಂತೆ ಬಾಗಿಲಿನ ಚಿಲಕ ಹಾಕದೆ ಇಡಿ. ಹೌಸಿಂಗಿನ ಒತ್ತುಗುಂಡಿಗಳ ಒಳಗಿನ ರಿಂಗುಗಳನ್ನು ಮಾತ್ರ ನುರಿತ ತಂತ್ರಜ್ಞರಿಗೇ ಬಿಡಿ. ಹೊಸ ರಿಂಗ್ ಹಾಕಿದ ಮೇಲಿನ ಮೊದಲ ಡೈವ್‌ಗೆ ಕ್ಯಾಮೆರಾದ ಬದಲು ಒಳಗೆ ಟಿಶ್ಯೂ ಕಾಗದವಿಟ್ಟು ಇಳಿಯಿರಿ.